ಮಂಡಕ್ಕಿ ಆಟೊಗೆ ಯಾವ ಬ್ಯಾಟರಿ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ಮಂಡಕ್ಕಿ ಭಟ್ಟಿ. ಅಂಗಡಿಗಳಿಗೆ ಚೀಲ ಹಾಕಲು ಎಲೆಕ್ಟ್ರಿಕ್ ಗೂಡ್ಸ್ ಆಟೊ ತಗೊಳ್ಳಬೇಕು ಅಂತಿದ್ದೇನೆ. ಬ್ಯಾಟರಿಗೆ ಬೆಂಕಿ ಹತ್ತುತ್ತೆ, ಬೇಡ ಅಂತಾರೆ ಮನೆಯಲ್ಲಿ. ಸಾಲಿಡ್ ಸ್ಟೇಟ್ ಬ್ಯಾಟರಿ ಬರುವ ತನಕ ಕಾಯಲಾ?"

ಕಾಯಬೇಡಿ. ನಿಮ್ಮ ಕೆಲಸಕ್ಕೆ ಬೇಕಾದ ಬ್ಯಾಟರಿ ಈಗಲೇ ಸಿಗುತ್ತದೆ. ಅದರ ಹೆಸರು ಲಿಥಿಯಂ ಐರನ್ ಫಾಸ್ಫೇಟ್, ಚಿಕ್ಕದಾಗಿ ಎಲ್‌ಎಫ್‌ಪಿ. ಅಮೆರಿಕದ ಟೆಕ್ಸಾಸ್‌ನಲ್ಲಿ ವಿಜ್ಞಾನಿ ಜಾನ್ ಗುಡ್‌ಇನಫ್ ತಂಡ 1990ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿತ್ತು. (ಲಿಥಿಯಂ ಬ್ಯಾಟರಿ ಕೆಲಸಕ್ಕಾಗಿ ಅವರಿಗೆ 2019ರಲ್ಲಿ ನೊಬೆಲ್ ಬಂತು, 97ನೇ ವಯಸ್ಸಿನಲ್ಲಿ!)

ಮನೆಯವರ ಭಯ ಸುಮ್ನೆ ಅಲ್ಲ. ಸ್ಕೂಟರ್‌ಗಳಲ್ಲಿ ಜಾಸ್ತಿ ಕಾಣುವುದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಎನ್‌ಎಂಸಿ ಬ್ಯಾಟರಿ. ಬ್ಯಾಟರಿ ಪ್ಯಾಕ್ ಅಂದರೆ ಹಲವು ಸಣ್ಣ ಸೆಲ್‌ಗಳ ಜೋಡಣೆ. ಒಳಗೆ ಶಾರ್ಟ್ ಆಗಿ ಒಂದು ಸೆಲ್ 200 ಡಿಗ್ರಿ ದಾಟಿತು ಅಂದುಕೊಳ್ಳಿ. ಅದರಲ್ಲಿರುವ ಲೋಹದ ಆಕ್ಸೈಡ್ ಒಡೆದು ಆಮ್ಲಜನಕ ಬಿಡುತ್ತದೆ. ಪಕ್ಕದಲ್ಲೇ, ಸೆಲ್ ಒಳಗೆ ವಿದ್ಯುತ್ ಕಣಗಳನ್ನು ಸಾಗಿಸುವ, ಬೇಗ ಹತ್ತಿಕೊಳ್ಳುವ ದ್ರಾವಣ. ಉರಿಯಲು ಹೊರಗಿನ ಗಾಳಿಯನ್ನೇ ನೆಚ್ಚಬೇಕಿಲ್ಲ. ಅದಕ್ಕೇ ಈ ಬೆಂಕಿ ಆರಿಸುವುದು ಕಷ್ಟ. ಎಲ್‌ಎಫ್‌ಪಿಯಲ್ಲಿ ಆಮ್ಲಜನಕವನ್ನು ರಂಜಕ (ಫಾಸ್ಫರಸ್) ಬಿಗಿಯಾಗಿ ಹಿಡಿದಿರುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆಂಕಿ ಹತ್ತುವುದೇ ಇಲ್ಲ ಎಂದು ಅಂಗಡಿಯವರು ಹೇಳಿದರೆ ಮಾತ್ರ ನಂಬಬೇಡಿ. ಇದರ ದ್ರಾವಣವೂ ಉರಿಯುವಂಥದ್ದೇ. ಅಪಾಯ ಕಡಿಮೆ, ಅಷ್ಟೇ.

ಬಾಳಿಕೆಯೂ ಚೆನ್ನಾಗಿದೆ. ಒಳ್ಳೆಯ ಎಲ್‌ಎಫ್‌ಪಿ ಪ್ಯಾಕ್ 2,000 ಸಲ ಚಾರ್ಜ್ ಮಾಡಿದರೂ ತಾಳುತ್ತದೆ. ದಿನಕ್ಕೊಮ್ಮೆ ಎಂದರೂ ಐದು ವರ್ಷ ದಾಟಿತು. ಆಗಲೂ ಸುಮಾರು ಶೇ 80ರಷ್ಟು ಶಕ್ತಿ ಉಳಿದಿರಬೇಕು. ಎಷ್ಟಕ್ಕಿಂತ ಕೆಳಗೆ ಇಳಿದರೆ ವಾರಂಟಿ ಸಿಗುತ್ತದೆ ಎಂಬುದನ್ನು ಬಿಲ್ ಜೊತೆ ಬರೆಸಿಕೊಳ್ಳಿ. ಅಷ್ಟೇ ಶಕ್ತಿಗೆ ಎನ್‌ಎಂಸಿಗಿಂತ ತೂಕ ಜಾಸ್ತಿ ಎಂಬುದು ಇದರ ಕೊರತೆ. ಆದರೆ ನೀವು ಹೊರುವುದು ಮಂಡಕ್ಕಿ ಅಲ್ವಾ? ಗಾಡಿ ತುಂಬಿದರೂ ಭಾರ ಆಗದ ಮಾಲು.

2022ರಲ್ಲಿ ಕೆಲವು ಸ್ಕೂಟರ್‌ಗಳು ಹೊತ್ತಿಕೊಂಡ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಎಂಬ, ಎಲೆಕ್ಟ್ರಿಕ್ ಸ್ಕೂಟರ್, ಆಟೊಗಳ ಬ್ಯಾಟರಿ ಸುರಕ್ಷತೆಯ ನಿಯಮವನ್ನು ಬಿಗಿ ಮಾಡಿತು. ಒಂದು ಸೆಲ್ ಬಿಸಿಯೇರಿದರೆ ಪ್ಯಾಕ್ ಏನಾಗುತ್ತದೆ ಎಂಬ ಪರೀಕ್ಷೆಯೂ ಈಗ ಅದರಲ್ಲಿದೆ. ಪ್ಯಾಕ್ ಅದರಲ್ಲಿ ಪಾಸಾಗಿದೆಯೇ ಎಂದು ಕೇಳಿ.

ಸಾಲಿಡ್ ಸ್ಟೇಟ್‌ನಲ್ಲಿ ದ್ರಾವಣದ ಬದಲು ಘನ ಪದಾರ್ಥ. ಆದರೆ ಚಾರ್ಜ್ ಆಗುವಾಗ ಮೂಡುವ ಲಿಥಿಯಂ ಎಳೆಗಳು ಅದನ್ನೂ ಸೀಳಿಕೊಂಡು ಬೆಳೆದು ಶಾರ್ಟ್ ಮಾಡಬಹುದು, ಬೆಲೆಯೂ ದುಬಾರಿ. ಗೂಡ್ಸ್ ಆಟೊಗೆ ಬರಲು ತಡವಿದೆ. ನನಗೆ ಲಿಥಿಯಂ ಬದಲು ಸೋಡಿಯಂ ಬಳಸುವ ಬ್ಯಾಟರಿ ಮೇಲೆ ಹೆಚ್ಚು ಆಸೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರ 2025ರಲ್ಲಿ, ಆರೇ ನಿಮಿಷದಲ್ಲಿ ಶೇ 80 ತುಂಬುವ ಸೋಡಿಯಂ ಬ್ಯಾಟರಿ ಮಾಡಿದ್ದಾಗಿ ಹೇಳಿತು. ಅದಿನ್ನೂ ಪ್ರಯೋಗಾಲಯದ ಸರಕು.

ಇನ್ನೊಂದು ಮಾತು. ಭಟ್ಟಿ ಗೋಡೆಗೆ ಒತ್ತಿ ಚಾರ್ಜ್‌ಗೆ ಹಾಕಬೇಡಿ, ಶಾಖದಲ್ಲಿ ಆಯಸ್ಸು ಬೇಗ ಸವೆಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಓಡಿಸಿ ಬಂದ ಗಾಡಿ ಸ್ವಲ್ಪ ತಣಿಯಲಿ, ಆಮೇಲೆ ಪ್ಲಗ್ ಚುಚ್ಚಿ. ಎಲ್‌ಎಫ್‌ಪಿಯ ವೋಲ್ಟೇಜ್ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಮೀಟರ್ ಲೆಕ್ಕ ತಪ್ಪುತ್ತದೆ. ವಾರಕ್ಕೊಮ್ಮೆ ಪೂರ್ತಿ ತುಂಬಿಸಿ. ಇಲ್ಲದಿದ್ದರೆ ಮೀಟರ್ ಇನ್ನೂ ಶೇ 20 ತೋರಿಸುತ್ತಿರುವಾಗಲೇ ಗಾಡಿ ನಿಮ್ಮೂರಿನ ಹದಡಿ ರಸ್ತೆಯಲ್ಲಿ ನಿಂತುಬಿಡಬಹುದು.

– ಸಂ.