ಸುಳಿವು ಸಿಕ್ಕಿಯೂ ದಾಳಿ ನಡೆದರೆ ಹೊಣೆ ಯಾರದು?

ಪ್ರಶ್ನೆ: ಪ್ರತಿ ಸಲ ಭಯೋತ್ಪಾದಕ ದಾಳಿ ಆದಾಗಲೂ ‘ಗುಪ್ತಚರ ವೈಫಲ್ಯ’ ಅಂತ ಕೇಳುತ್ತೇವೆ. ಮೊದಲೇ ಸುಳಿವು ಸಿಕ್ಕಿತ್ತು ಅಂತಲೂ ಆಮೇಲೆ ಗೊತ್ತಾಗುತ್ತದೆ. ಸುಳಿವು ಸಿಕ್ಕಿದ್ದರೆ ತಡೆಯಲಿಲ್ಲ ಯಾಕೆ? ಯಾರನ್ನು ಕೇಳಬೇಕು?

ಉತ್ತರ: ದಾಳಿ ನಡೆದುಹೋಯಿತು ಅನ್ನುವ ಒಂದೇ ಕಾರಣಕ್ಕೆ ಗುಪ್ತಚರ ಸಂಸ್ಥೆ ತಪ್ಪು ಮಾಡಿದೆ ಎನ್ನಲಾಗದು. ಯಾರಿಗೂ ಬಾಯಿ ಬಿಡದೆ ಒಬ್ಬನೇ ಕೂತು ಸಂಚು ಮಾಡುವವನನ್ನು ಮೊದಲೇ ಪತ್ತೆ ಮಾಡುವುದು ಬಹಳ ಕಷ್ಟ. ಆದರೆ ಕೈಗೆ ಬಂದ ಸುಳಿವನ್ನು ಏನು ಮಾಡಿದಿರಿ ಅಂತ ಕೇಳಿದರೆ ಅವರು ಉತ್ತರ ಕೊಡಲೇಬೇಕು. ಹೊಣೆಯನ್ನು ಅಲ್ಲಿಂದ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಶ್ರೀಲಂಕಾದ ಈಸ್ಟರ್ ದಾಳಿಯನ್ನೇ ನೋಡಿ. 2019ರ ಏಪ್ರಿಲ್ 21ರಂದು ಮೂರು ಚರ್ಚ್‌ಗಳಲ್ಲಿ, ಕೊಲಂಬೊದ ಮೂರು ದೊಡ್ಡ ಹೋಟೆಲ್‌ಗಳಲ್ಲಿ ಬಾಂಬ್ ಸಿಡಿದು 260ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಭಾರತದ ಗುಪ್ತಚರ ಸಂಸ್ಥೆ ಏಪ್ರಿಲ್ 4ರಂದೇ ಅಲ್ಲಿನವರಿಗೆ ಎಚ್ಚರಿಕೆ ಕೊಟ್ಟಿತ್ತು. ಏಪ್ರಿಲ್ 11ರಂದು ಅಲ್ಲಿನ ಪೊಲೀಸ್ ಇಲಾಖೆಯೊಳಗೆ ಒಂದು ಪತ್ರವೂ ಹೋಯಿತು. ಅದರಲ್ಲಿ ಜಹರಾನ್ ಹಾಶಿಂ ಎಂಬ ಮುಖ್ಯ ಸಂಚುಕೋರನ ಹೆಸರಿತ್ತು. ಅವನ ಸಂಘಟನೆಯ ಹೆಸರಿತ್ತು. ಕ್ಯಾಥೊಲಿಕ್ ಚರ್ಚ್‌ಗಳ ಮೇಲೆ ಕಣ್ಣಿದೆ ಅಂತಲೂ ಬರೆದಿತ್ತು. ಇದಕ್ಕಿಂತ ಸ್ಪಷ್ಟ ಸುಳಿವು ಇನ್ನೇನು ಬೇಕು? ಆದರೆ ಆ ಪತ್ರ ಹೋದದ್ದು ಗಣ್ಯರ ಭದ್ರತೆ ನೋಡಿಕೊಳ್ಳುವ ವಿಭಾಗಗಳಿಗೆ. ಚರ್ಚ್‌ನವರಿಗೆ ಯಾರೂ ಹೇಳಲಿಲ್ಲ. ಅಧ್ಯಕ್ಷರಿಗೂ ಪ್ರಧಾನಿಗೂ ಆಗ ಆಗಿಬರುತ್ತಿರಲಿಲ್ಲ. ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಯನ್ನು ಕರೆಯುವುದೇ ನಿಂತುಹೋಗಿತ್ತು.

ಮುಂದೆ ನಡೆದದ್ದು ಅಪರೂಪದ ಸಂಗತಿ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಣೆಗಾರರನ್ನು ಹೆಸರು ಹಿಡಿದು ಹೇಳಿತು. ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ತಮ್ಮ ಜೇಬಿನಿಂದಲೇ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಪೊಲೀಸ್ ಮುಖ್ಯಸ್ಥರು ಮತ್ತು ಸರ್ಕಾರಿ ಗುಪ್ತಚರ ಸೇವೆಯ ನಿರ್ದೇಶಕರಿಗೆ ತಲಾ ಏಳೂವರೆ ಕೋಟಿ. ನನಗೆ ಈ ತೀರ್ಪಿನಲ್ಲಿ ಹಣಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಸುಳಿವು ಯಾರ ಮೇಜಿನ ಮೇಲೆ ನಿಂತುಹೋಯಿತು ಅಂತ ಹುಡುಕಿ, ಅವರನ್ನೇ ಹೊಣೆ ಮಾಡಿದ್ದು.

ಮುಂಬೈನ 26/11 ದಾಳಿಯ ಕಥೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ಸಮುದ್ರದಿಂದ ಬರಬಹುದು, ಒಟ್ಟಿಗೆ ಹಲವು ಕಡೆ ದಾಳಿ ಮಾಡಬಹುದು ಅಂತ 2006ರಿಂದಲೇ ಎಚ್ಚರಿಕೆಗಳು ಬರುತ್ತಿದ್ದವು. ತಾಜ್ ಹೋಟೆಲ್‌ಗೂ ಎಚ್ಚರಿಕೆ ಹೋಗಿತ್ತು. ಅಲ್ಲಿ ಭದ್ರತೆ ಹೆಚ್ಚಿಸಿ, ದಾಳಿಗೆ ಮುಂಚೆ ಮತ್ತೆ ಸಡಿಲ ಮಾಡಿದ್ದರು. ‘ಬರಬಹುದು’ ಅನ್ನುವ ಎಚ್ಚರಿಕೆ ಪದೇ ಪದೇ ಬಂದು ಏನೂ ಆಗದಿದ್ದರೆ ಕೆಳಗಿನವರು ಅದನ್ನು ಓದಿ ಫೈಲಿಗೆ ಹಾಕುತ್ತಾರೆ. ಇದು ಮನುಷ್ಯ ಸಹಜ. ಅದಕ್ಕೇ ಎಚ್ಚರಿಕೆ ಕಳಿಸಿದವರ ಕೆಲಸ ಅಲ್ಲಿಗೆ ಮುಗಿಯಬಾರದು. ಅದು ಮುಟ್ಟಿತಾ, ಅದರ ಮೇಲೆ ಏನು ಕ್ರಮ ಆಯಿತು ಅಂತ ತಿರುಗಿ ಕೇಳಬೇಕು. ‘ನಾವು ಹೇಳಿದ್ದೆವು’ ಅನ್ನುವ ಕಾಗದ ಇಟ್ಟುಕೊಂಡರೆ ಸಂಸ್ಥೆಯ ಮಾನ ಉಳಿಯಬಹುದು, ಜನರ ಜೀವ ಉಳಿಯುವುದಿಲ್ಲ.

ಪ್ರಶ್ನೆ: ಅನುಮಾನ ಬಂದ ಎಲ್ಲರ ಮೇಲೂ ಕಣ್ಣಿಟ್ಟರೆ ಮುಗೀತಲ್ವಾ?

ಉತ್ತರ: ಆಗದ ಮಾತು. 2017ರಲ್ಲಿ ಬ್ರಿಟನ್ನಿನ ಒಳನಾಡು ಗುಪ್ತಚರ ಸಂಸ್ಥೆ ಎಂಐ5ರ ಪಟ್ಟಿಯಲ್ಲಿ ಸುಮಾರು 3,000 ಮಂದಿ ಶಂಕಿತರಿದ್ದರು. ಹಿಂದೆ ನಿಗಾ ಇಟ್ಟು ಕೈಬಿಟ್ಟವರು ಇನ್ನೂ 20,000. ಒಬ್ಬನನ್ನು ಹಗಲೂ ರಾತ್ರಿ ಹಿಂಬಾಲಿಸಲು ಪಾಳಿ ಪಾಳಿಯಲ್ಲಿ ದೊಡ್ಡ ತಂಡವೇ ಬೇಕು. ಹಾಗಾಗಿ ಯಾರನ್ನು ಬಿಡಬೇಕು ಅನ್ನುವ ತೀರ್ಮಾನ ದಿನಾ ನಡೆಯುತ್ತದೆ. ಎಲ್ಲರ ಫೋನ್ ಕದ್ದು ಕೇಳಿದರೆ ಮಾಹಿತಿಯ ರಾಶಿ ಜಾಸ್ತಿ ಆಗುತ್ತದೆ, ಅದನ್ನು ಓದುವ ಕಣ್ಣುಗಳು ಜಾಸ್ತಿ ಆಗುವುದಿಲ್ಲ.

ಆ ವರ್ಷದ ಮೇ 22ರಂದು ಮ್ಯಾಂಚೆಸ್ಟರ್‌ನ ಸಂಗೀತ ಕಾರ್ಯಕ್ರಮದಲ್ಲಿ ಬಾಂಬ್ ಸಿಡಿಸಿ 22 ಜನರನ್ನು ಕೊಂದ ಸಲ್ಮಾನ್ ಅಬೇದಿ, ಆ ಕೈಬಿಟ್ಟವರ ಪಟ್ಟಿಯಲ್ಲಿದ್ದವನು. ಆದರೆ ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಅವನ ಬಗ್ಗೆ ಎರಡು ಸುಳಿವು ಬಂದಿದ್ದವು. ಅದರಲ್ಲಿ ಒಂದನ್ನು ನೋಡಿದ ಅಧಿಕಾರಿಗೆ ಇದು ದೇಶದ ಭದ್ರತೆಯ ವಿಷಯ ಇರಬಹುದು ಅನ್ನಿಸಿತ್ತು. ಆದರೂ ಸಹೋದ್ಯೋಗಿಗಳ ಜೊತೆ ತಕ್ಷಣ ಮಾತಾಡಲಿಲ್ಲ, ವರದಿಯನ್ನು ಅದೇ ದಿನ ಬರೆಯಲಿಲ್ಲ. ಅಬೇದಿ ದಾಳಿಗೆ ನಾಲ್ಕು ದಿನ ಮುಂಚೆ ಲಿಬಿಯಾದಿಂದ ವಾಪಸ್ ಬಂದ. ವಿಮಾನ ನಿಲ್ದಾಣದಿಂದಲೇ ಹಿಂಬಾಲಿಸಿದ್ದರೆ ಸ್ಫೋಟಕ ಇಟ್ಟಿದ್ದ ಕಾರು ಸಿಗುವ ಸಾಧ್ಯತೆ ಇತ್ತು. 2023ರಲ್ಲಿ ತನಿಖಾ ಆಯೋಗ ಇದನ್ನೆಲ್ಲ ಬಹಿರಂಗವಾಗಿ ಹೇಳಿತು. ಖಂಡಿತ ತಡೆಯಬಹುದಿತ್ತು ಅಂತ ಹೇಳಲಿಲ್ಲ. ದೊಡ್ಡ ಅವಕಾಶ ತಪ್ಪಿತು ಎಂದಿತು. ಎಂಐ5 ಮುಖ್ಯಸ್ಥರು ಕ್ಷಮೆ ಕೇಳಿದರು. ಒಂದು ವರದಿ ತಡವಾದದ್ದಕ್ಕೆ ಎಂಥ ಬೆಲೆ!

ಪ್ರಶ್ನೆ: ಭಾರತದಲ್ಲಿ ಐಬಿ, ರಾ ಸಂಸ್ಥೆಗಳನ್ನು ಪ್ರಶ್ನಿಸುವವರು ಯಾರು?

ಉತ್ತರ: ಸರ್ಕಾರ ಮಾತ್ರ. ದೇಶದೊಳಗಿನ ಗುಪ್ತಚರ ಕೆಲಸ ನೋಡುವ ಐಬಿಯ ಬೇರು 1887ರಷ್ಟು ಹಿಂದಿದೆ, ಹೊರದೇಶದ ಮಾಹಿತಿ ಕಲೆಹಾಕುವ ರಾ ಹುಟ್ಟಿದ್ದು 1968ರಲ್ಲಿ. ಎರಡಕ್ಕೂ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಿಂದಲೂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ದೂರು ಬಿಟ್ಟರೆ, ಹೊರಗಿವೆ. ಇವುಗಳ ಕೆಲಸ ನೋಡಲೆಂದೇ ಒಂದು ಸಂಸದೀಯ ಸಮಿತಿ ಇಲ್ಲ. ಬ್ರಿಟನ್ನಿನಲ್ಲಿ ಅಂಥ ಸಮಿತಿ 1994ರಿಂದ ಇದೆ. ಅದು ಮುಚ್ಚಿದ ಬಾಗಿಲ ಹಿಂದೆ ಕೂತು ಸಾಕ್ಷ್ಯ ಕೇಳುತ್ತದೆ. ಗುಟ್ಟು ರಟ್ಟಾಗುತ್ತದೆ ಅನ್ನುವ ಭಯಕ್ಕೆ ಇದೇ ಉತ್ತರ.

26/11ರ ನಂತರ ಒಳ್ಳೆಯ ಬದಲಾವಣೆಗಳೂ ಆದವು. ಭಯೋತ್ಪಾದನೆ ಪ್ರಕರಣಗಳ ತನಿಖೆಗೆ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಬಂತು. ಮಾಹಿತಿ ಹಂಚಿಕೊಳ್ಳುವ ಮಲ್ಟಿ ಏಜೆನ್ಸಿ ಸೆಂಟರ್‌ಗೆ ಬಲ ಬಂತು. ಕರಾವಳಿ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಹೋಯಿತು. ಆದರೆ ಆಗ ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ ನೋಡಿದ್ದು ರಾಜ್ಯದ ಪೊಲೀಸರು ಹೇಗೆ ನಡೆದುಕೊಂಡರು ಅನ್ನುವುದನ್ನು. ಕೇಂದ್ರದ ಸಂಸ್ಥೆಗಳು ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಆ ದಾಳಿಯಲ್ಲಿ 166 ಜನ ಸತ್ತರು. ಸುಳಿವು ದೆಹಲಿಯಿಂದ ಮುಂಬೈವರೆಗೆ ಎಲ್ಲೆಲ್ಲಿ ನಿಂತಿತು ಅಂತ ಕೇಳುವ ಅಧಿಕಾರ ಇರುವ ಒಂದು ಸಮಿತಿ ಸಂಸತ್ತಿನಲ್ಲಿ ಬೇಕು, ಅದೂ ಇನ್ನೊಂದು ದಾಳಿಗೆ ಮುಂಚೆ.