1994ರಲ್ಲಿ ಜಿಂಬಾಬ್ವೆಯ ಶಾಲಾಮಕ್ಕಳು ನಿಜವಾಗಿಯೂ ಹಾರುವ ತಟ್ಟೆ ನೋಡಿದರೇ?

ನೋಡಿದ್ದೇವೆ ಎಂದವರು 6ರಿಂದ 12 ವರ್ಷದ 62 ಮಕ್ಕಳು. ಜಾಗ, ರಾಜಧಾನಿ ಹರಾರೆ ಹತ್ತಿರದ ರುವಾ ಎಂಬ ಊರಿನ ಏರಿಯಲ್ ಶಾಲೆ. ಸೆಪ್ಟೆಂಬರ್ 16ರ ಬೆಳಗಿನ ಬಿಡುವು. ಮೇಷ್ಟ್ರುಗಳೆಲ್ಲ ಒಳಗೆ ಮೀಟಿಂಗಿನಲ್ಲಿದ್ದರು. ಮೈದಾನದಾಚೆ ಪೊದೆಗಳ ಹತ್ತಿರ ಬೆಳ್ಳಿಬಣ್ಣದ ವಸ್ತು, ಕಪ್ಪು ಬಟ್ಟೆಯ ದೊಡ್ಡ ಕಣ್ಣಿನ ಜೀವಿಗಳು ಕಂಡವಂತೆ. ತಿಂಡಿ ಅಂಗಡಿಯಲ್ಲಿದ್ದ ಹೆಂಗಸಿನ ಹತ್ತಿರ ಮಕ್ಕಳು ಓಡಿ ಹೋಗಿ ಹೇಳಿದರು. ಅವರು ನಂಬಲಿಲ್ಲ, ಅಂಗಡಿ ಬಿಟ್ಟು ಕದಲಲೂ ಇಲ್ಲ!

ಇಷ್ಟೂ ಜನ ಸುಮ್ನೆ ಕಥೆ ಕಟ್ಟಿದರು ಅಂತ ನನಗನಿಸುವುದಿಲ್ಲ. ಆದರೆ ಎರಡು ದಿನ ಮುಂಚೆ ಆಫ್ರಿಕಾದ ದಕ್ಷಿಣ ಭಾಗದಲ್ಲಿ ರಾತ್ರಿ ದೊಡ್ಡ ಬೆಂಕಿಯುಂಡೆ ಕಂಡಿತ್ತು. ಅದು ಭೂಮಿಗೆ ಮರಳುತ್ತಾ ಉರಿದ ರಷ್ಯಾದ ರಾಕೆಟ್ ಭಾಗ. ಆದರೆ ರೇಡಿಯೋದಲ್ಲಿ ಯುಎಫ್‌ಒದೇ (ಗುರುತು ಸಿಗದ ಹಾರುವ ವಸ್ತು) ಮಾತು. ಮಕ್ಕಳ ಕಿವಿಗೂ ಬಿದ್ದಿರುತ್ತದೆ, ಅಲ್ವಾ?

ನನಗೆ ಜಾಸ್ತಿ ಅನುಮಾನ ವಿಚಾರಣೆಯ ಮೇಲೆ. ಯುಎಫ್‌ಒ ಸಂಶೋಧಕಿ ಸಿಂಥಿಯಾ ಹೈಂಡ್ ಮಕ್ಕಳನ್ನು ಗುಂಪಾಗಿ ಕೂರಿಸಿ ಕೇಳಿದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆಮೇಲೆ ಹಾರ್ವರ್ಡ್‌ನ ಮನೋವೈದ್ಯ ಜಾನ್ ಮ್ಯಾಕ್ ಬಂದರು. ಭೂಮಿ ಹಾಳಾಗುತ್ತಿದೆ ಎಂದು ಆ ಜೀವಿಗಳು ಎಚ್ಚರಿಸಿದವು ಎಂಬ ಮಾತು ಎದ್ದು ಕಂಡದ್ದು ಅವರ ಸಂದರ್ಶನಗಳಲ್ಲಿ.

ದೊಡ್ಡವರಾದ ಮೇಲೂ ಹಲವರು ತಮ್ಮ ಮಾತು ಬದಲಿಸಿಲ್ಲ. ಒಬ್ಬರು ಮಾತ್ರ, ಹೊಳೆಯುವ ಬಂಡೆ ತೋರಿಸಿ ತಮಾಷೆ ಶುರು ಮಾಡಿದ್ದು ತಾನೇ ಎಂದಿದ್ದಾರೆ.