ಎರಡು ಲೈನ್ ಹಾಕಿದರೆ ಸ್ಪೀಡ್ ಡಬಲ್ ಆಗುತ್ತಾ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. 100 ಎಂಬಿಪಿಎಸ್ ಫೈಬರ್ ಇದೆ. 4ಜಿ ಸಿಮ್ ರೂಟರ್‌ನಲ್ಲಿ 40 ಬರುತ್ತದೆ. ಎರಡನ್ನೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ (ಹಲವು ನೆಟ್ ಕೇಬಲ್ ಸಿಕ್ಕಿಸುವ ಪೆಟ್ಟಿಗೆ) ಹಾಕಿದರೆ 140 ಸಿಗುತ್ತದೆ ಅಂತ ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅಂಕಿ ಮಾತ್ರ ಬದಲಾಗಿರುತ್ತದೆ. ಎರಡು ರೂಟರ್‌ಗಳನ್ನು ಸ್ವಿಚ್‌ಗೆ ಸಿಕ್ಕಿಸಿದರೆ ಎರಡೂ ಮನೆಯ ಫೋನು, ಲ್ಯಾಪ್‌ಟಾಪ್‌ಗಳಿಗೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ ಹಂಚಲು ಶುರು ಮಾಡುತ್ತವೆ. ಯಾವುದು ಮೊದಲು ಕೊಟ್ಟಿತೋ ಆ ಲೈನು ಸಿಗುತ್ತದೆ. ಎರಡರ ವಿಳಾಸವೂ 192.168.1.1 ಆಗಿದ್ದರಂತೂ ದಿನವಿಡೀ ನೆಟ್ ಬಂತು, ಹೋಯ್ತು. ಅಂಗಡಿಯವರಿಗೆ ಸ್ವಿಚ್ ವ್ಯಾಪಾರ ಆಯಿತು, ಅಷ್ಟೇ.

ಎರಡು ವ್ಯಾನ್ (WAN) ಪೋರ್ಟ್, ಅಂದರೆ ಹೊರಗಿನ ಲೈನ್ ಸಿಕ್ಕಿಸುವ ಕಿಂಡಿ, ಇರುವ ರೂಟರ್ ತಗೊಳ್ಳಿ. ಟಿಪಿ-ಲಿಂಕ್ ಇಆರ್605 ಸಾಕು. ಕೈ ಪಳಗಿದವರು ಮೈಕ್ರೋಟಿಕ್ ರೂಟರ್ ಅಥವಾ ಓಪನ್‌ವರ್ಟ್ ಎಂಬ ರೂಟರ್ ತಂತ್ರಾಂಶ ಹಾಕಿಕೊಳ್ಳಲಿ. ಆದರೂ ಒಂದೇ ಡೌನ್‌ಲೋಡ್‌ಗೆ 140 ಬರಲ್ಲ. ಈ ರೂಟರ್ ಮಾಡುವ ಲೋಡ್ ಬ್ಯಾಲೆನ್ಸಿಂಗ್ ಎರಡು ಲೈನಿಗೆ ಹಂಚುವುದು ಕನೆಕ್ಷನ್‌ಗಳನ್ನು; ಒಂದು ಕನೆಕ್ಷನ್ನನ್ನು ಸೀಳುವುದಿಲ್ಲ. ನಿಮ್ಮ ಒಂದು ಫೈಲ್ ಡೌನ್‌ಲೋಡ್ ಒಂದೇ ಲೈನಿನಲ್ಲಿ ಬರುತ್ತದೆ. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತಾಗ ಮಾತ್ರ ಲಾಭ. ನಿಜಕ್ಕೂ ಸೇರಿಸಬೇಕೆಂದರೆ ಇಂಟರ್ನೆಟ್‌ನ ಆ ತುದಿಯಲ್ಲಿ ಎರಡನ್ನೂ ಜೋಡಿಸುವ ಸರ್ವರ್ ಬೇಕು. ಸ್ಪೀಡಿಫೈ ಎಂಬ ಸೇವೆ ಮಾಡುವುದು ಇದನ್ನೇ. ಇದೇ ಕೆಲಸದ ಓಪನ್‌ಎಂಪಿಟಿಸಿಪಿರೂಟರ್ ಎಂಬ ತಂತ್ರಾಂಶಕ್ಕೆ ಸರ್ವರನ್ನು ನೀವೇ ಬಾಡಿಗೆಗೆ ಹಿಡಿಯಬೇಕು. ತಿಂಗಳಿಗೆ ದುಡ್ಡು, ಮೇಲೆ ಸರ್ವರ್ ಸುತ್ತಿ ಬರುವ ವಿಳಂಬ. ಮಳೆಗಾಲದಲ್ಲಿ ನಿಮ್ಮ 4ಜಿ ತೂಕಡಿಸಿದರೆ ಫೈಬರನ್ನೂ ಹಿಂದಕ್ಕೆ ಎಳೆಯಬಹುದು. ನಿಮಗೆ ಬೇಡ.

ನಿಮಗೆ ಬೇಕಾದದ್ದು ಫೇಲ್‌ಓವರ್. ಫೈಬರ್ ಹೋದಾಗ 4ಜಿ ತಾನಾಗೇ ಹಿಡಿಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲೋ ಅಡಿಕೆ ಮರ ಬಿದ್ದು ಫೈಬರ್ ತುಂಡಾದರೂ ಮನೆಯ ಫೈಬರ್ ಡಬ್ಬಿ ಆನ್ ಇರುತ್ತದೆ. ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ರೂಟರ್ 'ಎಲ್ಲ ಸರಿಯಿದೆ' ಅಂತ ಸುಮ್ನೆ ಕೂರುತ್ತದೆ. ಅದಕ್ಕೇ ರೂಟರ್‌ನ ಆನ್‌ಲೈನ್ ಡಿಟೆಕ್ಷನ್ ಸೆಟ್ಟಿಂಗ್‌ನಲ್ಲಿ (ಲೈನ್ ಬದುಕಿದೆಯೇ ಎಂದು ನೋಡುವುದು ಇದೇ) ಹೊರಗಿನ ಸರ್ವರ್ ವಿಳಾಸವಾದ 8.8.8.8 ಅಥವಾ 1.1.1.1 ಪಿಂಗ್ ಮಾಡಲು, ಅಂದರೆ ಕರೆದು ಉತ್ತರ ಬರುತ್ತದೆಯೇ ನೋಡಲು ಹೇಳಿ, ಡಬ್ಬಿಯ ವಿಳಾಸವನ್ನಲ್ಲ. ಪರೀಕ್ಷಿಸುವಾಗ ನೆಟ್‌ವರ್ಕ್ ಕೇಬಲ್ ಕೀಳಬೇಡಿ, ಅದನ್ನು ಎಂಥ ರೂಟರಾದರೂ ಗುರುತಿಸುತ್ತದೆ. ಡಬ್ಬಿಯಿಂದ ಹಸಿರು ತುದಿಯ ಫೈಬರ್ ಪಿನ್ ಮೆಲ್ಲಗೆ ತೆಗೆಯಿರಿ. ಸಿಗ್ನಲ್ ಹೋಗಿದೆ ಎನ್ನುವ ಎಲ್‌ಒಎಸ್ ಕೆಂಪು ದೀಪ ಮಿನುಗಲಿ. ಆಗಲೂ ಸ್ವಲ್ಪ ಹೊತ್ತಿನಲ್ಲಿ ನೆಟ್ ಮರಳಿದರೆ ಸೆಟಪ್ ಸರಿ. ನಡೆಯುತ್ತಿದ್ದ ಕಾಲ್ ಒಮ್ಮೆ ತಡವರಿಸುತ್ತದೆ, ಆಫೀಸ್ ವಿಪಿಎನ್ ಮತ್ತೆ ಕನೆಕ್ಟ್ ಆಗಬೇಕಾಗುತ್ತದೆ. ಐಪಿ ಬದಲಾಯ್ತಲ್ವಾ, ಅದಕ್ಕೆ. ಇನ್ನೊಂದು ಮಾತು: ಫೈಬರ್ ಡಬ್ಬಿ, ಸಿಮ್ ರೂಟರ್ ಎರಡರ ವಿಳಾಸವೂ ಒಂದೇ ಆಗಿದ್ದರೆ ಒಂದನ್ನು ಮೊದಲೇ 192.168.2.1 ಮಾಡಿ.

ಪ್ರಶ್ನೆ: ಲೋಡ್ ಬ್ಯಾಲೆನ್ಸಿಂಗ್ ಹಾಕಿದ ಮೇಲೆ ಬ್ಯಾಂಕ್ ಸೈಟ್ ಪದೇ ಪದೇ ಲಾಗೌಟ್ ಆಗುತ್ತಿದೆ. ವೈರಸ್ಸಾ?

ಉತ್ತರ: ಅಲ್ಲ. ಒಂದು ಕ್ಲಿಕ್ ಒಂದು ಐಪಿಯಿಂದ, ಮುಂದಿನದು ಇನ್ನೊಂದರಿಂದ ಹೋದರೆ ಬ್ಯಾಂಕಿಗೆ ಅನುಮಾನ ಬರುತ್ತದೆ. ಬ್ಯಾಂಕ್ ಕೆಲಸದ ಲ್ಯಾಪ್‌ಟಾಪನ್ನು ಒಂದೇ ಲೈನಿಗೆ ಕಟ್ಟಿಹಾಕಿ.

ಪ್ರಶ್ನೆ: 'ನೆಟ್ ಬೂಸ್ಟರ್' ಆ್ಯಪ್ ಹಾಕಿದರೆ ಆಗುತ್ತಾ?

ಉತ್ತರ: ಡಿಲೀಟ್ ಮಾಡಿ.

ಪ್ರಶ್ನೆ: ಬೆಂಗಳೂರಲ್ಲಿ ಎರಡು ಕಂಪನಿಗಳ ಫೈಬರ್ ತಗೊಂಡೆ. ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಉತ್ತರ: ಕರೆಂಟ್ ಇದ್ದಾಗಲೂ ಹೋಗುತ್ತಿದ್ದರೆ ಮನೆ ಮುಂದಿನ ಕಂಬ ನೋಡಿ. ಎರಡೂ ಕೇಬಲ್ ಅದೇ ಕಂಬದಿಂದ ಬಂದಿದ್ದರೆ ಒಂದು ಕೊಂಬೆ ಬಿದ್ದರೆ ಸಾಕು. ಒಂದನ್ನು ಬಿಟ್ಟು ಸಿಮ್ ರೂಟರ್ ಇಟ್ಟುಕೊಳ್ಳಿ. ಕರೆಂಟ್ ಜೊತೆಗೇ ಹೋಗುತ್ತಿದ್ದರೆ ಡಬ್ಬಿಗೂ ರೂಟರ್‌ಗೂ ಮಿನಿ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡಿಕೊಂಡು ತನ್ನಿ. ಎಲ್ಲವೂ 12 ವೋಲ್ಟ್ ಇರಲ್ಲ.